ಬುಷ್‌ಲ್ಯಾಂಡ್ ನಡಿಗೆಯಲ್ಲಿ ಅಣಬೆ ಗುರುತಿಸುವುದು: ಬಣ್ಣ ಆಮೇಲೆ, ಮೊದಲು ಬುಡ ನೋಡಿ

ಪ್ರಶ್ನೆ: ನಾವು ಸಾಗರದ ಕಡೆಯವರು, ಈಗ ಸಿಡ್ನಿಯ ವಾಯವ್ಯ ಭಾಗದಲ್ಲಿದ್ದೇವೆ. ಭಾನುವಾರ ಮಕ್ಕಳನ್ನು ಕರೆದುಕೊಂಡು ಹತ್ತಿರದ ಬುಷ್‌ಲ್ಯಾಂಡಿನಲ್ಲಿ, ಅಂದರೆ ಇಲ್ಲಿನ ಸಹಜ ಕಾಡಿನಲ್ಲಿ, ನಡೆಯುತ್ತೇವೆ. ಏಪ್ರಿಲ್ ಮಳೆ ಆದ ಮೇಲೆ ದಾರಿಯುದ್ದಕ್ಕೂ ಕೆಂಪು, ಕಿತ್ತಳೆ, ನೀಲಿ ಅಣಬೆಗಳು. ಫೋನಿನ ಆ್ಯಪ್ ಒಂದೇ ಅಣಬೆಗೆ ಒಂದೊಂದು ಸಲ ಒಂದೊಂದು ಹೆಸರು ಹೇಳುತ್ತದೆ. ಅಣಬೆಯನ್ನು ಎಲ್ಲಿ ಹುಡುಕಬೇಕು, ಹೇಗೆ ಗುರುತಿಸಬೇಕು? ಕೆಲವು ಊರಿನ ಅಣಬೆಯ ಹಾಗೇ ಇವೆ, ತಂದು ಸಾರು ಮಾಡಬಹುದಲ್ಲ ಎಂದು ನಮ್ಮ ಅತ್ತೆ ಕೇಳುತ್ತಾರೆ.

ಉತ್ತರ: ಅತ್ತೆಯವರಿಗೆ ಮೊದಲು ಹೇಳಿಬಿಡಿ: ತರುವುದು ಬೇಡ, ತಿನ್ನುವುದಂತೂ ಬೇಡವೇ ಬೇಡ. ಕಾರಣ ಕೊನೆಯಲ್ಲಿ ವಿವರವಾಗಿದೆ, ಏಕೆಂದರೆ ಅದು ಅರ್ಥವಾಗಬೇಕಾದರೆ ಅಣಬೆಯ ಅಂಗಾಂಗಗಳು ಮೊದಲು ಗೊತ್ತಿರಬೇಕು.

ಕಾಲದ ವಿಷಯಕ್ಕೆ ಬರೋಣ. ಆಗ್ನೇಯ ಆಸ್ಟ್ರೇಲಿಯಾದಲ್ಲಿ ಅಣಬೆ ಹೆಚ್ಚಾಗಿ ಏಳುವುದು ಮಾರ್ಚ್ ಕೊನೆಯಿಂದ ಜುಲೈವರೆಗೆ. ಊರಿನಲ್ಲಿ ಮುಂಗಾರಿನ ಗುಡುಗು ಕೇಳಿದರೆ ಹುತ್ತದ ಅಣಬೆ ಎದ್ದಿರಬಹುದು ಎಂದು ಬುಟ್ಟಿ ಹಿಡಿದು ಹೊರಡುತ್ತಾರೆ. ಇಲ್ಲಿ ಬೇಸಿಗೆಯ ಬಿಸಿ ಇಳಿದು ನೆಲ ತಣಿಯಬೇಕು, ಆಮೇಲೆ ನೆಲದೊಳಕ್ಕೆ ಇಳಿಯುವಷ್ಟು ಮಳೆ ಬೀಳಬೇಕು. ಅಂಥ ಮಳೆ ಬಿದ್ದು ವಾರದಿಂದ ಹತ್ತು ದಿನ ಬಿಟ್ಟು ಹೋಗಿ. ಮರುದಿನವೇ ಹೋದವರಿಗೆ ಹೆಚ್ಚೇನೂ ಸಿಗುವುದಿಲ್ಲ. ಮಣ್ಣಿನಲ್ಲಿ ಹರಡಿರುವ ಎಳೆಗಳು ನೀರು ಹೀರಿ, ಮೊಗ್ಗು ಕಟ್ಟಿ, ಮೇಲೇಳಲು ಅಷ್ಟು ಸಮಯ ಬೇಕು. ಎರಡು ದಿನ ಒಣ ಗಾಳಿ ಬೀಸಿದರೆ ಸಣ್ಣ ಅಣಬೆಗಳೆಲ್ಲ ಮುದುಡಿಹೋಗುತ್ತವೆ. ಹಾಗಾಗಿ ಮಳೆ ನಿಂತ ಮೇಲಿನ ವಾರ ಮೋಡ ಕವಿದೇ ಇದ್ದರೆ ಆ ಭಾನುವಾರವನ್ನು ಬಿಡಬೇಡಿ.

ಜಾಗ ಆರಿಸುವಾಗ ಭಾರತದಿಂದ ಬಂದವರು ಒಂದು ಮಾತು ಮರೆಯುತ್ತಾರೆ. ಇದು ದಕ್ಷಿಣಾರ್ಧಗೋಳ, ಸಿಡ್ನಿಯಲ್ಲಿ ಮಧ್ಯಾಹ್ನದ ಸೂರ್ಯ ಉತ್ತರದಲ್ಲಿರುತ್ತಾನೆ. ಆದ್ದರಿಂದ ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರಿನಲ್ಲಿ ನೆರಳು ಹೆಚ್ಚು, ತೇವವೂ ಹೆಚ್ಚು. ಸಿಡ್ನಿಯ ಸುತ್ತ ಹಲವು ಕಡೆ ಬೆಟ್ಟದ ನೆತ್ತಿ ಮರಳುಗಲ್ಲು, ನೀರು ನಿಲ್ಲುವುದಿಲ್ಲ. ಅಗಲವಾದ ಫೈರ್ ಟ್ರೇಲ್ (ಅಗ್ನಿಶಾಮಕ ವಾಹನ ಹೋಗುವ ಕಾಡುದಾರಿ) ಹಿಡಿದು ನೆತ್ತಿಯ ಮೇಲೆ ಎಷ್ಟು ದೂರ ನಡೆದರೂ ಸಿಗುವುದು ಕಡಿಮೆ. ತೊರೆಯ ಪಕ್ಕದ ಕಣಿವೆಗೆ ಇಳಿಯಿರಿ. ಬಿದ್ದು ಕೊಳೆಯುತ್ತಿರುವ ದಿಮ್ಮಿ, ಹಾವಸೆ ಕಟ್ಟಿದ ದಾರಿಯಂಚು, ದಾರಿಯ ನೀರು ಹರಿದು ತರಗೆಲೆ ಗುಡ್ಡೆಯಾಗುವ ಮೂಲೆ, ಹಳೇ ಮರದ ಬುಡ: ಈ ನಾಲ್ಕೂ ಕಡೆ ನಿಂತು ನೋಡಿ. ಗಂಟೆಗೆ ಅರ್ಧ ಕಿಲೋಮೀಟರಿಗಿಂತ ವೇಗವಾಗಿ ನಡೆದರೆ ಅಣಬೆ ಕಾಣುವುದಿಲ್ಲ. ಒಂದು ಕಂಡಲ್ಲಿ ಕುಳಿತುಬಿಡಿ. ಕಣ್ಣು ನೆಲದ ಮಟ್ಟಕ್ಕೆ ಬಂದಾಗ ಸುತ್ತ ಇನ್ನೂ ಹಲವು ಕಾಣಿಸುತ್ತವೆ. ಮಕ್ಕಳು ದೊಡ್ಡವರಿಗಿಂತ ಮೊದಲು ಪತ್ತೆಹಚ್ಚುವುದೂ ಇದಕ್ಕೇ. ನಿಮ್ಮ ಕಡೆಯವರಿಗೆ ವೆಸ್ಟ್ ಪೆನಂಟ್ ಹಿಲ್ಸ್‌ನ ಕಂಬರ್ಲೆಂಡ್ ಸ್ಟೇಟ್ ಫಾರೆಸ್ಟ್ ಮಕ್ಕಳೊಂದಿಗೆ ಶುರು ಮಾಡಲು ಒಳ್ಳೆಯ ಜಾಗ.

ಈಗ ಮುಖ್ಯ ವಿಷಯ. ಆ್ಯಪ್ ತಪ್ಪು ಹೇಳುವುದು ಏಕೆಂದರೆ ನೀವು ಅದಕ್ಕೆ ತೋರಿಸುವುದು ಮೇಲಿನಿಂದ ತೆಗೆದ ಬಣ್ಣದ ಕೊಡೆಯನ್ನು ಮಾತ್ರ. ಅಣಬೆಯಲ್ಲಿ ಎಲ್ಲಕ್ಕಿಂತ ನಂಬಲಾಗದ್ದು ಬಣ್ಣವೇ. ಮಳೆಗೆ ತೊಳೆದುಹೋಗುತ್ತದೆ, ಬಿಸಿಲಿಗೆ ಮಾಸುತ್ತದೆ, ವಯಸ್ಸಾದಂತೆ ಬದಲಾಗುತ್ತದೆ. ನಂಬಬೇಕಾದ್ದು ಎರಡನ್ನು: ಅದು ಯಾವುದರ ಮೇಲೆ ಬೆಳೆದಿದೆ, ಮತ್ತು ಕೊಡೆಯ ಅಡಿಯಲ್ಲಿ ಏನಿದೆ. ನೀವು ಬರೆದ ಮೂರು ಬಣ್ಣಗಳನ್ನೇ ತೆಗೆದುಕೊಂಡು ನೋಡೋಣ.

ನೀಲಿ ಕಂಡಿತೇ? ಮರದ ಮೇಲಿದೆಯೋ ಮಣ್ಣಿನಲ್ಲಿದೆಯೋ ನೋಡಿ. ಒದ್ದೆಯಾದ ಕೊಳೆತ ಕಟ್ಟಿಗೆಯ ಮೇಲೆ, ಒಂದು ಸೆಂಟಿಮೀಟರ್ ಆಸುಪಾಸಿನ ಪುಟ್ಟ ಅಚ್ಚ ನೀಲಿ ಕೊಡೆ, ಕಾಂಡ ಕಟ್ಟಿಗೆಗೆ ಅಂಟುವಲ್ಲಿ ಚಪ್ಪಟೆಯಾದ ಸಣ್ಣ ಬಿಲ್ಲೆ ಇದ್ದರೆ ಅದು ಮೈಸೀನಾ ಇಂಟರಪ್ಟಾ. ಆ ಬಿಲ್ಲೆಯೇ ಗುರುತು. ಮಸೂರ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ. ವಿಕ್ಟೋರಿಯಾ ಮತ್ತು ಟಾಸ್ಮೇನಿಯಾದ ತೇವದ ಕಾಡುಗಳಲ್ಲಿ ಇದು ಹೆಚ್ಚು. ಅದೇ ನೀಲಿ ಅಣಬೆ ಮಣ್ಣಿನಿಂದ ಎದ್ದು, ನಾಲ್ಕಾರು ಸೆಂಟಿಮೀಟರ್ ಅಗಲವಾಗಿ, ಕೊಡೆಯ ಮೇಲೆ ಲೋಳೆ ಇದ್ದು, ನಡುಭಾಗ ಹಳದಿಗೆ ತಿರುಗಿದ್ದರೆ ಕಾರ್ಟಿನೇರಿಯಸ್ ರೊಟುಂಡಿಸ್ಪೋರಸ್ ಇರಬಹುದು. ಈ ಕುಲದ ಎಳೆಯ ಅಣಬೆಯಲ್ಲಿ ಕೊಡೆಯ ಅಂಚಿನಿಂದ ಕಾಂಡಕ್ಕೆ ಜೇಡರ ಎಳೆಯಷ್ಟು ತೆಳುವಾದ ಪರದೆ ಇರುತ್ತದೆ; ಬೆಳೆದ ಮೇಲೆ ಆ ಎಳೆಗಳ ಮೇಲೆ ತುಕ್ಕುಬಣ್ಣದ ಬೀಜಕಗಳು (ಅಣಬೆಯ ಬೀಜದಂಥ ನುಣ್ಣನೆಯ ಪುಡಿ) ಉದುರಿ ಕಾಂಡದ ಸುತ್ತ ಕಂದು ಪಟ್ಟಿ ಉಳಿಯುತ್ತದೆ. ಎರಡೂ ನೀಲಿ, ಆದರೆ ಬದುಕುವ ಬಗೆಯೇ ಬೇರೆ. ಮೊದಲನೆಯದು ಸತ್ತ ಕಟ್ಟಿಗೆಯನ್ನು ಕೊಳೆಸಿ ಬದುಕುತ್ತದೆ. ಎರಡನೆಯದು ಜೀವಂತ ಮರದ ಬೇರಿನೊಂದಿಗೆ ಕೊಡು-ಕೊಳ್ಳುವಿಕೆ ಇಟ್ಟುಕೊಂಡಿದೆ: ಮಣ್ಣಿನ ನೀರು, ಖನಿಜಗಳನ್ನು ಮರಕ್ಕೆ ಕೊಟ್ಟು ಸಕ್ಕರೆ ಪಡೆಯುತ್ತದೆ.

ಕೆಂಪಿನಲ್ಲಿ ಮೂರು ಬಗೆ ಸಾಮಾನ್ಯ. ಪಾರ್ಕಿಂಗ್ ಜಾಗದ ಪಕ್ಕ, ನಡಿಗೆ ಶುರುವಾಗುವಲ್ಲಿ ಹಾಸಿದ ಮರದ ಚಕ್ಕೆಗಳ ಮೇಲೆ ಗುಂಪಾಗಿ ಇಟ್ಟಿಗೆ-ಕಿತ್ತಳೆ ಕೆಂಪು, ಅಂಚಿನಲ್ಲಿ ಬಿಳಿ ಚೂರುಗಳು, ಅಡಿಯಲ್ಲಿ ಬೂದಿಯಿಂದ ನೇರಳೆಗಪ್ಪಿಗೆ ತಿರುಗುವ ಕಿವಿರು (ಕೊಡೆಯ ಅಡಿಯ ತೆಳು ಹಾಳೆಗಳು) ಇದ್ದರೆ ಲೆರಾಟಿಯೋಮೈಸಿಸ್ ಸೀರಿಸ್. ಪೈನ್ ಮರದಡಿಯಲ್ಲಿ ಬಿಳಿ ಚುಕ್ಕೆಗಳ ದೊಡ್ಡ ಕೆಂಪು ಕೊಡೆ ಇದ್ದರೆ ಅಮಾನಿಟಾ ಮಸ್ಕೇರಿಯಾ, ವಿಷದ್ದು. ಉತ್ತರಾರ್ಧಗೋಳದ ಈ ಅಣಬೆ ಪೈನ್, ಓಕ್, ಬರ್ಚ್ ಸಸಿಗಳ ಬೇರಿನೊಂದಿಗೆ ಇಲ್ಲಿಗೆ ಬಂತು. ಈಗ ಟಾಸ್ಮೇನಿಯಾ, ವಿಕ್ಟೋರಿಯಾಗಳಲ್ಲಿ ಸ್ಥಳೀಯ ಮರ್ಟಲ್ ಬೀಚ್ ಮರಗಳ ಬೇರಿಗೂ ಹಬ್ಬಿದೆ. ಅಲ್ಲಿನ ಮೂಲ ಅಣಬೆಗಳ ಜಾಗ ಇದು ಕಸಿದುಕೊಂಡೀತು ಎಂಬ ಚಿಂತೆ ಸರಿಯಾದದ್ದೇ. ಮೂರನೆಯದು ಕಣಿವೆಯ ತರಗೆಲೆ, ಹಾವಸೆಯ ನಡುವೆ ನೆಲದಿಂದ ಏಳುವ ಹೈಗ್ರೊಸೈಬ್. ಇದರ ಕಿವಿರು ದಪ್ಪ, ಒಂದಕ್ಕೊಂದು ದೂರ ದೂರ, ಮುಟ್ಟಿದರೆ ಮೇಣ ಮುಟ್ಟಿದ ಅನುಭವ.

ಈ ಹೈಗ್ರೊಸೈಬ್ ವಿಷಯದಲ್ಲಿ ಸಿಡ್ನಿಯವರು ಅದೃಷ್ಟವಂತರು. ನಗರದ ಒಳಗೇ ಇರುವ ಲೇನ್ ಕೋವ್ ಬುಷ್‌ಲ್ಯಾಂಡ್ ಪಾರ್ಕಿನ ಗೋರ್ ಕ್ರೀಕ್ ಕಣಿವೆಯಲ್ಲಿ ಈ ಗುಂಪಿನ ಅಣಬೆಗಳು ಎಷ್ಟು ಬಗೆಯಲ್ಲಿ ಇವೆಯೆಂದರೆ, ಅಲ್ಲಿನ ಅಣಬೆ ಸಮುದಾಯವನ್ನೇ ನ್ಯೂ ಸೌತ್ ವೇಲ್ಸ್ ರಾಜ್ಯ ಅಳಿವಿನ ಭೀತಿಯಲ್ಲಿರುವ ಜೀವಿಸಮುದಾಯಗಳ ಪಟ್ಟಿಗೆ ಸೇರಿಸಿದೆ. ಹೈಗ್ರೊಸೈಬ್ ಲೇನ್‌ಕೋವೆನ್ಸಿಸ್ ಎಂಬ ಚಿಕ್ಕ ಕೆಂಪು ಅಣಬೆಗೆ ಹೆಸರು ಬಂದದ್ದೇ ಈ ಜಾಗದಿಂದ. ಮೇ ಮಧ್ಯದಿಂದ ಜುಲೈವರೆಗೆ ಅಲ್ಲಿ ನೋಡುವುದಕ್ಕಿದೆ. ತೊರೆಯ ಮೇಲೆ ನೆರಳು ಕೊಡುವ ಲಿಲ್ಲಿಪಿಲ್ಲಿ ಮರ ನಮ್ಮ ನೇರಳೆಯ ಕುಲದ್ದೇ. ಎಲೆ ನೋಡಿದರೆ ನಿಮ್ಮ ಅತ್ತೆಯವರಿಗೆ ಗುರುತು ಸಿಕ್ಕರೂ ಸಿಗಬಹುದು. ಆದರೆ ಅಲ್ಲಿ ದಾರಿ ಬಿಟ್ಟು ಒಂದು ಹೆಜ್ಜೆಯನ್ನೂ ಇಡಬೇಡಿ. ಸ್ವಿಟ್ಜರ್ಲೆಂಡಿನಲ್ಲಿ ದಶಕಗಳ ಕಾಲ ನಡೆದ ಅಧ್ಯಯನವೊಂದರಲ್ಲಿ, ಅಣಬೆ ಕೀಳುವುದರಿಂದ ಮುಂದಿನ ವರ್ಷಗಳ ಫಸಲು ಕಡಿಮೆಯಾಗಲಿಲ್ಲ, ನೆಲ ತುಳಿದದ್ದರಿಂದ ಏಳುವ ಅಣಬೆಗಳ ಸಂಖ್ಯೆ ಕಡಿಮೆಯಾಯಿತು. ಫೋಟೋಗಾಗಿ ಹತ್ತು ಜನ ಒಂದೇ ದಿಮ್ಮಿಯ ಸುತ್ತ ಮಂಡಿಯೂರುವುದೂ ತುಳಿತವೇ.

ಕಿತ್ತಳೆಗೆ ಹೆಚ್ಚು ಮಾತು ಬೇಡ. ಬಿಸಿಲು ಬೀಳುವ ಒಣ ಕೊಂಬೆಯ ಮೇಲೆ ಗಟ್ಟಿಯಾಗಿ, ಕಾಂಡವಿಲ್ಲದೆ ಅರ್ಧಚಂದ್ರಾಕಾರದಲ್ಲಿ ಅಂಟಿಕೊಂಡಿದ್ದು, ಅಡಿಯಲ್ಲಿ ಕಿವಿರಿನ ಬದಲು ಸೂಜಿಮೊನೆಯಷ್ಟು ಸಣ್ಣ ರಂಧ್ರಗಳಿದ್ದರೆ ಟ್ರಾಮಿಟಿಸ್ ಕಾಕ್ಸಿನಿಯಾ, ವರ್ಷವಿಡೀ ಸಿಗುತ್ತದೆ. ಮೆತ್ತಗೆ, ಚಿಕ್ಕದಾಗಿ, ಅಡಿಯಲ್ಲಿ ಬರಿಗಣ್ಣಿಗೇ ಕಾಣುವ ದೊಡ್ಡ ರಂಧ್ರಗಳಿದ್ದರೆ ಫಾವೊಲಾಸ್ಕಿಯಾ. ಇದು ಮೊದಲು ವರದಿಯಾದದ್ದು ಮಡಗಾಸ್ಕರಿನಲ್ಲಿ, ಆಸ್ಟ್ರೇಲಿಯಾದಲ್ಲಿ ಈಗ ಕಳೆಯ ಹಾಗೆ ಹರಡುತ್ತಿದೆ. ಕಂಡರೆ ಫೋಟೋ ತೆಗೆದು ದಾಖಲಿಸಿ.

ಕೊಡೆಯೇ ಇಲ್ಲದ ಒಂದು ಅಣಬೆಯನ್ನೂ ಮಕ್ಕಳಿಗೆ ತೋರಿಸಲೇಬೇಕು. ಅಸೆರೋ ರೂಬ್ರಾ ತೋಟದ ಮರದ ಚಕ್ಕೆಗಳಲ್ಲಿ, ಹುಲ್ಲಿನಲ್ಲಿ ಬಿಳಿ ಉಂಡೆಯಾಗಿ ಹುಟ್ಟುತ್ತದೆ. ಉಂಡೆ ಸೀಳಿ ಮೇಲೇಳುವ ಕಾಂಡದ ತುದಿಯಲ್ಲಿ, ತುದಿ ಎರಡಾಗಿ ಸೀಳಿದ ಕೆಂಪು ತೋಳುಗಳು ಸುತ್ತಲೂ ಚಾಚಿರುತ್ತವೆ, ನಡುವೆ ಕಂದು ಲೋಳೆ, ಕೊಳೆತ ಮಾಂಸದ ನಾತ. ನಾತಕ್ಕೆ ಬರುವ ನೊಣಗಳ ಕಾಲಿಗೆ ಲೋಳೆ ಅಂಟಿ ಬೀಜಕಗಳು ಬೇರೆಡೆಗೆ ಸಾಗುತ್ತವೆ. ಫ್ರೆಂಚ್ ಸಸ್ಯವಿಜ್ಞಾನಿ ಲಾಬಿಯಾರ್ಡಿಯೇರ್ 1792ರಲ್ಲಿ ಟಾಸ್ಮೇನಿಯಾದ ದಕ್ಷಿಣ ತುದಿಯಲ್ಲಿ ಇದನ್ನು ಸಂಗ್ರಹಿಸಿದ. ಆಸ್ಟ್ರೇಲಿಯಾದ ಮೂಲ ಅಣಬೆಗಳಲ್ಲಿ ವಿಜ್ಞಾನದ ದಾಖಲೆಗೆ ಮೊದಲು ಸೇರಿದ್ದು ಇದೇ.

ಅಣಬೆಯ ಪಕ್ಕದ ಮರದ ಹೆಸರನ್ನೂ ಬರೆದುಕೊಳ್ಳಿ. ಇದು ನಿಮಗೆ ಕಷ್ಟವಲ್ಲ: ನೀಲಗಿರಿ, ಅಕೇಶಿಯಾ, ಗಾಳಿಮರ ಮೂರನ್ನೂ ಕರ್ನಾಟಕದಲ್ಲಿ ನೋಡಿಯೇ ಬಂದಿರುತ್ತೀರಿ. ನೀಲಗಿರಿಯ ಬುಡದಲ್ಲಿ, ಗಟ್ಟಿ ಮಣ್ಣನ್ನೇ ಸೀಳಿಕೊಂಡು ಬರುವ, ಒಡೆದರೆ ಒಳಗೆಲ್ಲ ಕಂದು ಪುಡಿ ತುಂಬಿದ ಒರಟು ಉಂಡೆ ಪೈಸೋಲಿಥಸ್. ಭಾರತದ ನೀಲಗಿರಿ ನೆಡುತೋಪುಗಳಲ್ಲೂ ಇದು ಮರದ ಜೊತೆಗೇ ನೆಲೆಯೂರಿದೆ.

ಜೊತೆಗೆ ಒಯ್ಯಬೇಕಾದ ಸಾಮಾನು ಸ್ವಲ್ಪವೇ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಮಸೂರ, ಸಣ್ಣ ಟಾರ್ಚು, ಅಳತೆಗೆ 10 ಸೆಂಟಿನ ನಾಣ್ಯ (ಅಡ್ಡಳತೆ ಸುಮಾರು 24 ಮಿಲಿಮೀಟರ್), ಮತ್ತು ಹಲ್ಲಿನ ಡಾಕ್ಟರು ಬಾಯೊಳಗೆ ಹಿಡಿಯುವಂಥ ಉದ್ದ ಹಿಡಿಯ ಪುಟ್ಟ ಕನ್ನಡಿ. ಈ ಕನ್ನಡಿಯಷ್ಟು ಉಪಯೋಗಕ್ಕೆ ಬರುವ ವಸ್ತು ಇನ್ನೊಂದಿಲ್ಲ. ಕನ್ನಡಿಯನ್ನು ಕೊಡೆಯ ಕೆಳಗೆ ತೂರಿಸಿ, ಪಕ್ಕದಿಂದ ಟಾರ್ಚು ಬಿಟ್ಟರೆ ಅಣಬೆಯನ್ನು ಕೀಳದೆಯೇ ಅದರ ಅಡಿ ಪೂರ್ತಿ ಕಾಣುತ್ತದೆ. ಕಿವಿರಿದೆಯೋ ರಂಧ್ರವೋ ಮುಳ್ಳೋ. ಕಿವಿರು ಕಾಂಡಕ್ಕೆ ತಾಗದೆ ನಿಂತಿದೆಯೋ, ಅಂಟಿದೆಯೋ, ಕಾಂಡದ ಮೇಲೆ ಇಳಿದು ಬಂದಿದೆಯೋ ನೋಡಿ. ಕಾಂಡದಲ್ಲಿ ಉಂಗುರ ಇದೆಯೇ? ಕೊನೆಗೆ ಬುಡದ ತರಗೆಲೆಯನ್ನು ಕಡ್ಡಿಯಿಂದ ಮೆಲ್ಲಗೆ ಸರಿಸಿ, ಅಲ್ಲೇನಾದರೂ ಚೀಲವಿದೆಯೇ ಎಂದು ನೋಡಿ ಮತ್ತೆ ಮುಚ್ಚಿಬಿಡಿ.

ಫೋಟೋ ಒಂದು ಸಾಲದು, ಐದು ಬೇಕು: ಸುತ್ತಲಿನ ಜಾಗ ಸಮೇತ, ಮೇಲಿನಿಂದ ನಾಣ್ಯದೊಂದಿಗೆ, ನೆಲಮಟ್ಟದಲ್ಲಿ ಪಕ್ಕದಿಂದ, ಅಡಿಯದ್ದು, ಬುಡದ್ದು. ಪಕ್ಕದ ಫೋಟೋಗೆ ಫೋನನ್ನು ತಲೆಕೆಳಗೆ ಹಿಡಿದು ನೆಲಕ್ಕೆ ಊರಿ; ಆಗ ಲೆನ್ಸ್ ಮಣ್ಣಿನ ಮಟ್ಟಕ್ಕೆ ಬರುತ್ತದೆ. ಫ್ಲ್ಯಾಶ್ ಬೇಡ, ಒದ್ದೆ ಕೊಡೆ ಬಿಳಿಯಾಗಿ ಹೊಳೆದು ವಿವರವೆಲ್ಲ ಅಳಿಸಿಹೋಗುತ್ತದೆ. ಟಾರ್ಚಿನ ಮುಂದೆ ಟಿಶ್ಯೂ ಹಿಡಿದು ಪಕ್ಕದಿಂದ ಬೆಳಕು ಕೊಡಿ. ಈ ಐದನ್ನೂ ಐನ್ಯಾಚುರಲಿಸ್ಟ್‌ಗೆ (ಜೀವಿಗಳ ಫೋಟೋ ಹಾಕಿ ಗುರುತಿಸಿಕೊಳ್ಳುವ ಜಾಲತಾಣ) ಹಾಕಿ, ಯಾವುದರ ಮೇಲೆ ಬೆಳೆದಿತ್ತು, ಪಕ್ಕದ ಮರ ಯಾವುದು ಎಂದು ಬರೆದರೆ ತಿಳಿದವರು ನೋಡಿ ಸರಿಪಡಿಸುತ್ತಾರೆ. ಆಸ್ಟ್ರೇಲಿಯಾದ ಫಂಗಿಮ್ಯಾಪ್ ಸಂಸ್ಥೆಯೂ ಅಲ್ಲಿ ದಾಖಲೆ ಸಂಗ್ರಹಿಸುತ್ತದೆ. ಕುಲದ ಹೆಸರಿನವರೆಗೆ ಮಾತ್ರ ಉತ್ತರ ಬಂದರೆ ಬೇಸರ ಬೇಡ. ಇಲ್ಲಿನ ಎಷ್ಟೋ ಅಣಬೆಗಳಿಗೆ ಇನ್ನೂ ಹೆಸರೇ ಇಟ್ಟಿಲ್ಲ.

ಕೈ, ಕಾಲಿನ ಎಚ್ಚರ: ದಿಮ್ಮಿಯಡಿ, ಬಂಡೆಯ ಸಂದಿಯಲ್ಲಿ ಕೈ ತೂರಿಸಬೇಡಿ. ಸಿಡ್ನಿಯ ಫನೆಲ್‌ವೆಬ್ ಜೇಡ ಬಿಲ ಮಾಡುವುದು ಅಂಥ ತಂಪು ಜಾಗದಲ್ಲೇ, ಅದರ ಕಡಿತ ಜೀವಕ್ಕೆ ಅಪಾಯ. ಮಲೆನಾಡಿನವರಿಗೆ ಉಂಬಳದ ಭಯವಿರುವುದಿಲ್ಲ, ಆದರೆ ಇಲ್ಲಿನ ಉಣುಗು ಕೆಲವರಲ್ಲಿ ತೀವ್ರ ಅಲರ್ಜಿ ಹುಟ್ಟಿಸುತ್ತದೆ. ಕಚ್ಚಿಕೊಂಡಿದ್ದರೆ ಉಗುರಿನಿಂದ ಹಿಸುಕಿ ಎಳೆಯಬೇಡಿ. ಔಷಧದಂಗಡಿಯಲ್ಲಿ ಸಿಗುವ, ಉಣುಗನ್ನು ಹೆಪ್ಪುಗಟ್ಟಿಸುವ ಸ್ಪ್ರೇಯಿಂದ ಅದನ್ನು ಕಚ್ಚಿದಲ್ಲೇ ಕೊಲ್ಲಿ. ಮನೆಯಿಂದ ಹೊರಡುವ ಮುಂಚೆ ಬೂಟಿನ ಅಡಿಯ ಮಣ್ಣು ಪೂರ್ತಿ ತಿಕ್ಕಿ ತೆಗೆದು ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿ. ಬೇರು ಕೊಳೆಸುವ ಫೈಟಾಫ್ತೊರಾ ಎಂಬ ರೋಗಾಣು ಒಂದು ಕಾಡಿನಿಂದ ಇನ್ನೊಂದಕ್ಕೆ ಹೋಗುವುದು ಬೂಟಿನ ಮಣ್ಣಿನಲ್ಲಿ.

ಇನ್ನು ತಿನ್ನುವ ಮಾತು. ನ್ಯಾಷನಲ್ ಪಾರ್ಕಿನಲ್ಲಿ ಅಣಬೆ ಕೀಳುವುದು ಕಾನೂನಿಗೆ ವಿರುದ್ಧ ಎಂಬುದು ಒಂದು ಕಾರಣ. ಅದಕ್ಕಿಂತ ದೊಡ್ಡದು, ಊರಿನ ತಿಳಿವಳಿಕೆ ಇಲ್ಲಿ ಕೈಕೊಡುವ ರೀತಿ. ಅತ್ತೆಯವರಿಗೆ ಅಣಬೆ ಗೊತ್ತಿಲ್ಲವೆಂದಲ್ಲ. ಅವರಿಗೆ ಗೊತ್ತಿರುವುದು ಸಾಗರದ ಅಣಬೆ, ಅದೂ ಅಲ್ಲಿ ಅದಕ್ಕೆ ಸಮನಾಗಿ ಕಾಣುವ ಬೇರೆ ಅಣಬೆಗಳ ಪೈಕಿ ಆರಿಸಲು ಕಲಿತದ್ದು. ಇಲ್ಲಿ ಪಕ್ಕದಲ್ಲಿ ನಿಂತಿರುವ ಸೋಗಿನ ಅಣಬೆ ಬೇರೆ.

ಭತ್ತದ ಹುಲ್ಲಿನ ಅಣಬೆಯನ್ನು ನೆನಪಿಸಿಕೊಳ್ಳಿ. ಎಳೆಯದರಲ್ಲಿ ಮುಚ್ಚಿದ ಉಂಡೆ, ಬೆಳೆದ ಮೇಲೆ ಬುಡದಲ್ಲಿ ಒಡೆದ ಮೊಟ್ಟೆಯ ಚಿಪ್ಪಿನಂಥ ಚೀಲ. ಯುರೋಪಿನಿಂದ ಬಂದ ಡೆತ್ ಕ್ಯಾಪ್, ಅಂದರೆ ಅಮಾನಿಟಾ ಫಲ್ಲಾಯ್ಡಿಸ್, ಹಾಗೆಯೇ ಉಂಡೆಯಾಗಿ ಹುಟ್ಟಿ ಹಾಗೆಯೇ ಚೀಲ ಉಳಿಸಿಕೊಳ್ಳುತ್ತದೆ. ಬೆಳೆದ ಮೇಲೆ ವ್ಯತ್ಯಾಸ ತಿಳಿಯುತ್ತದೆ: ಹುಲ್ಲಿನ ಅಣಬೆಯ ಕಿವಿರು ಗುಲಾಬಿಗೆ ತಿರುಗುತ್ತದೆ, ಕಾಂಡದಲ್ಲಿ ಉಂಗುರವಿಲ್ಲ, ಡೆತ್ ಕ್ಯಾಪ್‌ನ ಕಿವಿರು ಕೊನೆಯವರೆಗೂ ಬಿಳಿ, ಉಂಗುರವಿದೆ, ಕೊಡೆ ಮಾಸಲು ಹಸಿರಿನಿಂದ ಹಳದಿ, ಒಮ್ಮೊಮ್ಮೆ ಬಿಳಿ. ಆದರೆ ಎಳೆಯ ಉಂಡೆಯಲ್ಲಿ ಎರಡರ ಕಿವಿರೂ ಬಿಳಿ. ಮಳೆಗೆ ಉಂಗುರ ಉದುರಿರಬಹುದು, ಚಾಕುವಿನಿಂದ ಕೊಯ್ದರೆ ಚೀಲ ಮಣ್ಣಿನಲ್ಲೇ ಉಳಿಯುತ್ತದೆ. ಕ್ಯಾನ್‌ಬೆರಾ, ಮೆಲ್ಬರ್ನ್, ಅಡಿಲೇಡ್‌ಗಳಲ್ಲಿ ಓಕ್ ಮರದಡಿ ಇದು ಏಳುತ್ತದೆ. 2011ರ ಡಿಸೆಂಬರ್ 31ರ ರಾತ್ರಿ ಊಟದಲ್ಲಿ ಇದನ್ನು ತಿಂದ ಇಬ್ಬರು ಕ್ಯಾನ್‌ಬೆರಾದವರು ಕೆಲವೇ ದಿನಗಳಲ್ಲಿ ತೀರಿಕೊಂಡರು. ಬೇಯಿಸಿದರೂ ಒಣಗಿಸಿದರೂ ಇದರ ವಿಷ ಹೋಗುವುದಿಲ್ಲ. ಬೆಳ್ಳಿ ಚಮಚ ಕಪ್ಪಾಗುವುದು, ಬೆಳ್ಳುಳ್ಳಿಯ ಬಣ್ಣ ಬದಲಾಗುವುದು, ಹುಳು ತಿಂದಿದ್ದರೆ ಒಳ್ಳೆಯದು ಎನ್ನುವುದು ಇವೆಲ್ಲ ಸುಳ್ಳು ಪರೀಕ್ಷೆಗಳು.

ಎರಡನೆಯ ಸೋಗು ಚಿಪ್ಪಣಬೆಯದು. ನೀಲಗಿರಿ, ಬ್ಯಾಂಕ್ಸಿಯಾ ಮರಗಳ ಬುಡದಲ್ಲಿ ಪದರಪದರವಾಗಿ ಕೆನೆಬಣ್ಣದ ದೊಡ್ಡ ಕೊಡೆಗಳು, ಕಿವಿರು ಕಾಂಡದ ಮೇಲೆ ಇಳಿದು ಬಂದಿರುತ್ತದೆ, ಬೀಜಕ ಬಿಳಿ. ಅಂಗಡಿಯ ಆಯ್ಸ್ಟರ್ ಅಣಬೆಯೇ ಅನಿಸುತ್ತದೆ. ಅದು ಆಂಫಲೋಟಸ್ ನಿಡಿಫಾರ್ಮಿಸ್. ತಿಂದರೆ ಜೋರಾಗಿ ವಾಂತಿ. ಕತ್ತಲಲ್ಲಿ ಇದು ತಾನಾಗಿ ಹಸಿರು ಬೆಳಕು ಬೀರುತ್ತದೆ. ಹಗಲು ಜಾಗ ನೋಡಿಟ್ಟುಕೊಂಡು, ಚಂದ್ರನಿಲ್ಲದ ರಾತ್ರಿ ಟಾರ್ಚು ಆರಿಸಿ ಹದಿನೈದು ನಿಮಿಷ ಕಾದರೆ ಕಣ್ಣು ಹೊಂದಿಕೊಂಡು ಕಾಣತೊಡಗುತ್ತದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ 30 ಸೆಕೆಂಡು ತೆರೆದಿಟ್ಟರೆ ಹಸಿರು ಚೆನ್ನಾಗಿ ಬರುತ್ತದೆ. ಮಂದ ಬೆಳಕಿನ ಹಳೆಯ ಅಣಬೆಗಳೂ ಇರುವುದರಿಂದ, ಹೊಳೆಯಲಿಲ್ಲ ಎಂದು ತಿನ್ನಲು ಹೊರಡಬೇಡಿ.

ಬೀಜಕದ ಬಣ್ಣ ನೋಡುವ ಆಸೆ ಮಕ್ಕಳಿಗಿದ್ದರೆ ನಿಮ್ಮ ಸ್ವಂತ ಹಿತ್ತಲಲ್ಲಿ ಎದ್ದದ್ದನ್ನು ಬಳಸಿ. ಕಾಂಡ ಕತ್ತರಿಸಿ, ಅರ್ಧ ಬಿಳಿ ಅರ್ಧ ಕಪ್ಪು ಕಾಗದದ ಮೇಲೆ ಕಿವಿರು ಕೆಳಗೆ ಬರುವಂತೆ ಇಟ್ಟು, ಮೇಲೆ ಬೋಗುಣಿ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಣ್ಣದ ಅಚ್ಚು ಮೂಡಿರುತ್ತದೆ. ಏನೂ ಮೂಡದಿದ್ದರೆ ಅಣಬೆ ತೀರಾ ಎಳೆಯದು ಅಥವಾ ಒಣಗಿದ್ದು. ಮುಂದಿನ ಸಲ ಕೊಡೆಯ ಮೇಲೆ ಒಂದು ಹನಿ ನೀರು ಹಾಕಿ. ಹುಲ್ಲುಹಾಸಿನ ದೊಡ್ಡ ಬಿಳಿ ಅಣಬೆ ಹಸಿರು ಅಚ್ಚು ಕೊಟ್ಟರೆ ಅದು ಕ್ಲೋರೊಫಿಲಮ್ ಮಾಲಿಬ್ಡೈಟಿಸ್, ವಿಷದ್ದು. ಉಜ್ಜಿದಾಗ ಬುಡ ಹಳದಿಯಾಗಿ ಫಿನಾಯಿಲ್ ವಾಸನೆ ಬರುವ ಬಟನ್ ಅಣಬೆಯಂಥದ್ದು ಅಗಾರಿಕಸ್ ಜ್ಯಾಂಥೊಡರ್ಮಸ್, ಅದೂ ತಿನ್ನುವಂಥದ್ದಲ್ಲ. ಕಾಗದವನ್ನು ಅಡುಗೆಮನೆಯಲ್ಲಿ ಇಡಬೇಡಿ.

ಇಲ್ಲಿ ಹೇಳಿದ ಅಣಬೆಗಳನ್ನು ಮುಟ್ಟಿದ ಮಾತ್ರಕ್ಕೆ ವಿಷ ಏರುವುದಿಲ್ಲ, ಕೈ ತೊಳೆದರೆ ಸಾಕು. ಮಗು ಬಾಯಿಗೆ ಹಾಕಿಕೊಂಡರೆ ಮಾತ್ರ ಕಾಯಬೇಡಿ. ಡೆತ್ ಕ್ಯಾಪ್ ತಿಂದವರಿಗೆ 6 ಗಂಟೆಯಿಂದ 24 ಗಂಟೆವರೆಗೆ ಏನೂ ಅನಿಸದೇ ಇರಬಹುದು. ಆಮೇಲೆ ವಾಂತಿ, ಭೇದಿ. ನಂತರ ಒಂದೆರಡು ದಿನ ವಾಸಿಯಾದಂತೆ ಕಾಣುತ್ತದೆ, ಅಷ್ಟರಲ್ಲಿ ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಬಾಯಲ್ಲಿ ಉಳಿದದ್ದನ್ನು ತೆಗೆದು, ಒತ್ತಾಯದಿಂದ ವಾಂತಿ ಮಾಡಿಸದೆ, ಕೂಡಲೇ 13 11 26ಕ್ಕೆ ಫೋನ್ ಮಾಡಿ. ಅದು ಆಸ್ಟ್ರೇಲಿಯಾದ ವಿಷ ಮಾಹಿತಿ ಕೇಂದ್ರ, ಹಗಲೂ ರಾತ್ರಿ ಇರುತ್ತದೆ. ಉಸಿರಾಟ ಕಷ್ಟವಾದರೆ, ಪ್ರಜ್ಞೆ ತಪ್ಪಿದರೆ 000. ಉಳಿದ ಅಣಬೆಯನ್ನು ಬುಡ ಸಮೇತ ಅಗೆದು ಕಾಗದದ ಚೀಲದಲ್ಲಿ ಆಸ್ಪತ್ರೆಗೆ ಒಯ್ಯಿರಿ. ಪ್ಲಾಸ್ಟಿಕ್ಕಿನಲ್ಲಿ ಹಾಕಿದರೆ ಬೆವರಿ ಕೊಳೆತು, ಗುರುತಿಸುವವರಿಗೆ ಏನೂ ಉಳಿಯುವುದಿಲ್ಲ.